ಬೇರಿಂಗು ಕಚ್ಚಿಕೊಂಡಾಗ

ಮನೆಯ ಯಂತ್ರಗಳಲ್ಲಿ ತನ್ನ ಕಾಯಿಲೆಯನ್ನು ಊರಿಗೆಲ್ಲ ಸಾರುವುದು ವಾಷಿಂಗ್ ಮಷೀನೊಂದೇ. ಫ್ರಿಜ್ಜು ಸದ್ದಿಲ್ಲದೆ ಕೆಡುತ್ತದೆ. ಮಿಕ್ಸಿ ಒಮ್ಮೆ ಸುಟ್ಟ ವಾಸನೆ ಬಿಟ್ಟು ಕೂತುಬಿಡುತ್ತದೆ. ವಾಷಿಂಗ್ ಮಷೀನಿನ ಬೇರಿಂಗು ಹಾಗಲ್ಲ, ತಿಂಗಳುಗಟ್ಟಲೆ ಮುಂಚೆಯೇ ದೂರು ಹೇಳಲು ಶುರುಮಾಡುತ್ತದೆ. ಮೊದಲು ಬಟ್ಟೆ ಹಿಂಡುವ ಹೊತ್ತಿನಲ್ಲಿ ಮಾತ್ರ ಸಣ್ಣಗೆ ಗುಂಯ್ ಎನ್ನುತ್ತದೆ. ಸ್ವಲ್ಪ ದಿನ ಕಳೆದರೆ ಗರಗರ. ಆಮೇಲೆ ಭೋರ್ ಎಂದು ಆರ್ಭಟ ಹೊರಟು ಕೆಳಗಿನ ಮನೆಯವರು ಮೇಲೆ ಬಂದು, "ಏನ್ರೀ ಅದು ಸದ್ದು?" ಎಂದು ವಿಚಾರಿಸುತ್ತಾರೆ. ಆ ಹೊತ್ತಿಗೆ ಅಂಗಡಿಯವರ ಸಲಹೆ ಸಿದ್ಧವಾಗಿರುತ್ತದೆ: "ಎಕ್ಸ್‌ಚೇಂಜಿಗೆ ಹಾಕಿ ಹೊಸದು ತಗೊಂಡ್ಬಿಡಿ ಸಾರ್, ಇದರ ಮೇಲೆ ದುಡ್ಡು ಹಾಕಬೇಡಿ." ಆ ಸಲಹೆಯನ್ನು ಒಪ್ಪುವ ಮುಂಚೆ ಒಂದು ಗಳಿಗೆ ಕೂರಿ. ಕೆಟ್ಟಿರುವುದು ಅಂಗೈ ಅಗಲದ ಎರಡು ಉಕ್ಕಿನ ಬಳೆಗಳು. ಅವುಗಳ ಬೆಲೆ ಕೆಲವು ನೂರು ರೂಪಾಯಿ. ಮೋಟಾರು, ಪಂಪು, ಹೀಟರು, ಡ್ರಮ್ಮು ಎಲ್ಲ ಗಟ್ಟಿಯಾಗಿರುವ ಯಂತ್ರವನ್ನು ಅದಕ್ಕಾಗಿ ಗುಜರಿಗೆ ಕಳಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಸದ್ದು ಬೇರಿಂಗಿನದೇ ಹೌದೋ ಅಲ್ಲವೋ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಬ್ಲೌಸಿನ ಹುಕ್ಕೋ ಒಂದು ರೂಪಾಯಿ ನಾಣ್ಯವೋ ಡ್ರಮ್ಮಿಗೂ ಹೊರಗಿನ ಟಬ್ಬಿಗೂ ನಡುವೆ ಬಿದ್ದರೂ ಯಂತ್ರ ಕಿರುಚುತ್ತದೆ. ಪರೀಕ್ಷೆ ಸುಲಭ. ಪ್ಲಗ್ ಕಿತ್ತು ಬಾಗಿಲು ತೆಗೆದು ಡ್ರಮ್ಮಿನ ಮೇಲಂಚನ್ನು ಹಿಡಿದು ಎತ್ತಿ ಇಳಿಸಿ. ಟಬ್ಬೂ ಡ್ರಮ್ಮೂ ಒಟ್ಟಿಗೆ ಸ್ಪ್ರಿಂಗಿನ ಮೇಲೆ ಓಲಾಡಿದರೆ ಅದು ಸಹಜ. ಟಬ್ಬು ಅಲ್ಲಾಡದೆ ಡ್ರಮ್ಮೊಂದೇ ಟಕ್ ಟಕ್ ಎಂದು ಮಿಸುಕಿದರೆ ಬೇರಿಂಗು ಸವೆದಿದೆ. ಕೈಯಿಂದ ನಿಧಾನ ತಿರುಗಿಸಿದರೆ ಒಳಗೆ ಮರಳು ಅರೆದಂತಾಗುವುದು ಬೆರಳಿಗೇ ಗೊತ್ತಾಗುತ್ತದೆ. ಹಿಂಬದಿಯ ತಗಡು ಬಿಚ್ಚಿದಾಗ ದೊಡ್ಡ ಪುಲ್ಲಿಯ ಕೆಳಗೆ ಕಂದು ಬಣ್ಣದ ತುಕ್ಕಿನ ಗೆರೆ ಇಳಿದಿದ್ದರೆ ಇನ್ನು ಅನುಮಾನವೇ ಬೇಡ.

ಈ ಬೇರಿಂಗಿಗೆ ಬೀಳುವ ಹೊರೆ ಎಷ್ಟೆಂದು ಲೆಕ್ಕ ಹಾಕಿದರೆ ಅದರ ಮೇಲೆ ಗೌರವ ಹುಟ್ಟುತ್ತದೆ. ಮುಂದೆ ಬಾಗಿಲಿರುವ ಯಂತ್ರದಲ್ಲಿ ಡ್ರಮ್ಮಿಗೆ ಆಧಾರ ಹಿಂದಿನಿಂದ ಮಾತ್ರ. ಬಟ್ಟೆ ಹಾಕಲು ಮುಂಭಾಗ ತೆರೆದಿರಬೇಕಲ್ಲ, ಅಲ್ಲಿ ಆಸರೆ ಕೊಡುವ ಹಾಗಿಲ್ಲ. ಇಡೀ ಭಾರ ಹಿಂಬದಿಯ ಗಿಡ್ಡ ಶಾಫ್ಟಿನ ಮೇಲೆ, ಆ ಶಾಫ್ಟನ್ನು ಹೊತ್ತ ಎರಡು ಬೇರಿಂಗುಗಳ ಮೇಲೆ. ಹಿಂಡುವಾಗ ಡ್ರಮ್ಮು ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ ಎನ್ನಿ. ನೀರು ಕುಡಿದ ಒಂದು ಟವೆಲ್ಲು ಒಂದೇ ಕಡೆ ಮುದ್ದೆಯಾಗಿ ಅರ್ಧ ಕಿಲೋ ತೂಕ ಹೆಚ್ಚಾದರೆ, ನಡುವಿನಿಂದ 25 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 200 ಕಿಲೋ ಭಾರದಷ್ಟು ಬಲದಿಂದ ಶಾಫ್ಟನ್ನು ಜಗ್ಗುತ್ತದೆ. ಅದೂ ಪ್ರತಿ ಸೆಕೆಂಡಿಗೆ 20 ಸಲ ದಿಕ್ಕು ಬದಲಿಸುತ್ತ. ಯಂತ್ರದೊಳಗೆ ಕಾಂಕ್ರೀಟಿನ ದಪ್ಪ ತುಂಡುಗಳನ್ನು ಕಟ್ಟಿರುವುದು ಈ ಕುಣಿತವನ್ನು ಹಿಡಿದಿಡಲಿಕ್ಕೇ. ವರ್ಷಗಟ್ಟಲೆ ಇಷ್ಟನ್ನು ತಾಳಿಕೊಂಡ ಬೇರಿಂಗು ಒಂದು ದಿನ ಸೋತರೆ ಅದನ್ನು ದೂರುವ ಹಾಗಿಲ್ಲ.

ಬೇರಿಂಗಿನ ಬದಿಯಲ್ಲಿ ಒಂದು ಸಂಖ್ಯೆ ಕೆತ್ತಿರುತ್ತದೆ. ಸಾಮಾನ್ಯವಾಗಿ 6205, 6206, ದೊಡ್ಡ ಯಂತ್ರವಾದರೆ 6305, 6306. ಇದನ್ನು ಓದಲು ಕಲಿತರೆ ಅಂಗಡಿಯಲ್ಲಿ ಯಾರೂ ನಮ್ಮನ್ನು ಏಮಾರಿಸಲಾರರು. ಮೊದಲ 6 ಎಂದರೆ ಒಂದೇ ಸಾಲಿನ ಗುಂಡುಗಳ ಬೇರಿಂಗು. ಎರಡನೆಯ ಅಂಕಿ ಅದರ ಮೈಕಟ್ಟು: 2 ಹಗುರ, 3 ತುಸು ದಪ್ಪ. ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ. 05 ಆದರೆ 25 ಮಿಲಿಮೀಟರ್, 06 ಆದರೆ 30. 04ಕ್ಕಿಂತ ಕೆಳಗಿನವಕ್ಕೆ ಮಾತ್ರ ಲೆಕ್ಕ ಬೇರೆ: 02 ಎಂದರೆ 15, 03 ಎಂದರೆ 17. ಸೀಲಿಂಗ್ ಫ್ಯಾನಿನಲ್ಲಿ ಕೂತಿರುವ 6202 ಈ ಲೆಕ್ಕದ್ದು. ಸಂಖ್ಯೆಯ ಮುಂದೆ ಝಡ್‌ಝಡ್ ಎಂದಿದ್ದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರಿನದು. ಯಾವ ದೇಶದಲ್ಲಿ ಯಾವ ಕಂಪನಿ ಮಾಡಿದರೂ 6205 ಎಂದರೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ ಕೊಂಡದ್ದು ಕೊರಿಯಾದಲ್ಲಿ ತಯಾರಾದ ಯಂತ್ರಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂರುತ್ತದೆ. ದೇಶದೇಶಗಳು ಕೂಡಿ ಒಪ್ಪಿಕೊಂಡ ಇಂಥ ಅಳತೆಗಳು ಮನುಷ್ಯನ ದೊಡ್ಡ ಸಾಧನೆಗಳಲ್ಲಿ ಸೇರಬೇಕೆಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಸಣ್ಣ ಊರುಗಳಲ್ಲಿ ಬೆಳೆದವರಿಗೆ ಬೇರಿಂಗಿನ ಪರಿಚಯ ಆಗಿದ್ದು ಬೇರಿಂಗ್ ಗಾಡಿಯಿಂದ. ಗ್ಯಾರೇಜಿನವರು ಎಸೆದ ಬೇರಿಂಗುಗಳನ್ನು ಕಾಡಿಬೇಡಿ ತಂದು, ಮರದ ತುಂಡಿನ ತುದಿಗೆ ಬಿಗಿದು, ಮೇಲೊಂದು ಹಲಗೆ ಹೊಡೆದರೆ ಗಾಡಿ ಸಿದ್ಧ. ಇಳಿಜಾರಿನ ಟಾರು ರಸ್ತೆಯಲ್ಲಿ ಅದು ಕಿಡಿ ಹಾರಿಸುತ್ತ ಓಡುವಾಗ ಬೀದಿಯ ಮಕ್ಕಳೆಲ್ಲ ಹಿಂದೆ. ಲಾರಿಗೆ ಬೇಡವಾದ ಬೇರಿಂಗು ಮಕ್ಕಳಿಗೆ ಇನ್ನೂ ಎಷ್ಟೋ ದಿನ ದುಡಿಯುತ್ತಿತ್ತು. ಗುಂಡುಗಳು ಯಾಕೆ ಹೊರಗೆ ಬೀಳುವುದಿಲ್ಲ, ಸೀಮೆಎಣ್ಣೆಯಲ್ಲಿ ತೊಳೆದರೆ ಯಾಕೆ ಹಗುರಾಗಿ ತಿರುಗುತ್ತದೆ ಎಂಬುದೆಲ್ಲ ಆ ಮಕ್ಕಳಿಗೆ ಯಾರೂ ಪಾಠ ಹೇಳದೆ ಗೊತ್ತಾಗಿತ್ತು.

ಅದಕ್ಕೂ ಹಿಂದಿನ ತಲೆಮಾರಿನವರು ಎತ್ತಿನ ಗಾಡಿಯ ಕಾಲದವರು. ಅಲ್ಲಿ ಗುಂಡೂ ಇಲ್ಲ, ಬಳೆಯೂ ಇಲ್ಲ. ಅಚ್ಚಿನ ಮೇಲೆ ಚಕ್ರದ ಗುಂಬ ನೇರವಾಗಿ ಉಜ್ಜಿಕೊಂಡು ತಿರುಗುತ್ತದೆ, ಚಕ್ರ ಕಳಚದಂತೆ ತುದಿಯಲ್ಲಿ ಕಡಾಣಿ. ನಡುವೆ ಇರುವುದು ಕೀಲೆಣ್ಣೆ ಮಾತ್ರ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕುತ್ತಿದ್ದರು. ದೂರದ ಹಾದಿಗೆ ಹೊರಡುವ ಮುಂಚೆ ಚಕ್ರ ಸರಿಸಿ ಕೀಲೆಣ್ಣೆ ಸವರದ ಗಾಡಿಯವನು ಇರಲಿಲ್ಲ. ಕಬ್ಬಿಣ ಕಬ್ಬಿಣವನ್ನು ನೇರವಾಗಿ ಮುಟ್ಟಬಾರದು, ನಡುವೆ ತೆಳ್ಳಗೆ ಜಿಡ್ಡು ಇರಲೇಬೇಕು. ಅವರು ನಡೆಸಿಕೊಂಡು ಬಂದ ಈ ನಿಯಮವೇ 1200 ಸುತ್ತಿನ ಡ್ರಮ್ಮಿಗೂ ಸಲ್ಲುತ್ತದೆ.

ಅಚ್ಚಿಗೂ ಚಕ್ರಕ್ಕೂ ನಡುವೆ ಗುಂಡುಗಳನ್ನು ಉರುಳಿಸುವ ಗಾಡಿಗೆ ಪೇಟೆಂಟು ಪಡೆದವನು ವೇಲ್ಸ್ ದೇಶದ ಕಾರ್ಮಾರ್ಥೆನ್ ಊರಿನ ಫಿಲಿಪ್ ವಾನ್, 1794ರಲ್ಲಿ. ಆದರೆ ಒಂದೇ ಗಾತ್ರದ, ಒಂದೇ ದುಂಡಿನ ಗುಂಡುಗಳನ್ನು ರಾಶಿಗಟ್ಟಲೆ ಮಾಡುವುದು ಆಗ ಯಾರಿಗೂ ಸಾಧ್ಯವಿರಲಿಲ್ಲ. ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಫ್ರೀಡ್ರಿಷ್ ಫಿಶರ್ 1883ರಲ್ಲಿ ಉಕ್ಕಿನ ಗುಂಡು ಅರೆಯುವ ಯಂತ್ರ ಮಾಡಿದ ಮೇಲೆ ಆ ತೊಡಕು ಕಳೆಯಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟನ ಕಥೆ. ಅವನು ಗೋಥೆನ್‌ಬರ್ಗಿನ ಒಂದು ಬಟ್ಟೆ ಗಿರಣಿಯಲ್ಲಿ ಯಂತ್ರಗಳ ಉಸ್ತುವಾರಿ ನೋಡುತ್ತಿದ್ದ ಎಂಜಿನಿಯರ್. ಗಿರಣಿ ನಿಂತಿದ್ದು ಜೇಡಿ ನೆಲದ ಮೇಲೆ. ನೆಲ ಕುಸಿದ ಹಾಗೆಲ್ಲ ಮೇಲಿನ ಉದ್ದ ಶಾಫ್ಟುಗಳು ಓರೆಯಾಗಿ ಬೇರಿಂಗುಗಳು ಸಾಯುತ್ತಿದ್ದವು. ಓರೆಯಾದರೂ ತಾನೇ ಹೊಂದಿಕೊಂಡು ತಿರುಗುವ ಬೇರಿಂಗನ್ನು ಅವನು ಕಂಡುಹಿಡಿದ. 1907ರಲ್ಲಿ ಎಸ್‌ಕೆಎಫ್ ಕಂಪನಿ ಹುಟ್ಟಿದ್ದು ಅದರಿಂದ. ಇಂದು ಆ ಕಂಪನಿಗೆ ಬೆಂಗಳೂರಿನಲ್ಲೂ ಕಾರ್ಖಾನೆಯಿದೆ. ಕೆಟ್ಟದ್ದನ್ನು ಬಿಚ್ಚಿ ಬಿಚ್ಚಿ ನೋಡಿದವನಿಗೇ ಒಳ್ಳೆಯದನ್ನು ಮಾಡುವ ದಾರಿ ಕಂಡಿತು. ಆದ್ದರಿಂದಲೇ ದುರಸ್ತಿಯನ್ನು ಕೆಳಗಿನ ಕೆಲಸವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ವಾಷಿಂಗ್ ಮಷೀನಿನ ಬೇರಿಂಗು ಹೊರೆಯಿಂದ ಸಾಯುವುದಕ್ಕಿಂತ ನೀರಿನಿಂದ ಸಾಯುವುದೇ ಹೆಚ್ಚು. ಟಬ್ಬಿನ ನೀರು ಬೇರಿಂಗಿನ ಕಡೆ ಹೋಗದಂತೆ ತಡೆಯಲು ರಬ್ಬರಿನ ಆಯಿಲ್ ಸೀಲ್ ಒಂದಿರುತ್ತದೆ. ಅದರ ತೆಳ್ಳನೆ ತುಟಿ ಶಾಫ್ಟಿನ ಬುಡವನ್ನು ಅಪ್ಪಿಕೊಂಡಿರುತ್ತದೆ. ಕೊಳವೆಬಾವಿಯ ಗಡಸು ನೀರಿನ ಸುಣ್ಣ, ಬಟ್ಟೆಯ ಜುಂಗು, ಕರಗದೆ ಉಳಿದ ಪೌಡರು ಸೇರಿ ಆ ತುಟಿಯನ್ನು ದಿನದಿನಕ್ಕೂ ಉಜ್ಜುತ್ತವೆ. ತುಟಿ ಸವೆದ ಮೇಲೆ ಸಾಬೂನು ನೀರು ಒಳಕ್ಕೆ ಜಿನುಗಿ ಗ್ರೀಸನ್ನು ತೊಳೆಯುತ್ತದೆ. ಜಿಡ್ಡು ತೆಗೆಯುವುದೇ ಸಾಬೂನಿನ ಕೆಲಸವಲ್ಲವೆ! ಗ್ರೀಸು ಹೋದ ಉಕ್ಕಿಗೆ ತುಕ್ಕು, ತುಕ್ಕಿನಿಂದ ಸದ್ದು. ಆದ್ದರಿಂದ ಬೇರಿಂಗು ಬದಲಿಸಿದಾಗ ಸೀಲನ್ನೂ ಬದಲಿಸಲೇಬೇಕು. ಹಳೆಯ ಸೀಲು ನೋಡಲು ಚೆನ್ನಾಗಿದೆ ಎಂದು ಉಳಿಸಿಕೊಂಡರೆ ಹೊಸ ಬೇರಿಂಗನ್ನು ಅದೇ ನೀರಿಗೆ ಒಪ್ಪಿಸಿದಂತೆ.

ಇನ್ನು ಬಿಚ್ಚುವ ಕೆಲಸ. ಮೇಲಿನ ತಗಡು, ಪೌಡರಿನ ಡಬ್ಬಿ, ಬಾಗಿಲ ರಬ್ಬರು, ಕಾಂಕ್ರೀಟಿನ ತುಂಡು, ಪೈಪು, ವೈರು, ಬೆಲ್ಟು, ಮೋಟಾರು ಒಂದೊಂದಾಗಿ ಹೊರಬರಬೇಕು. ಇದರಲ್ಲಿ ಕಷ್ಟವಿಲ್ಲ, ಕ್ರಮ ಬೇಕು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ, ಸ್ಕ್ರೂಗಳಿಗೆ ಬೇರೆ ಬೇರೆ ಬಟ್ಟಲು. ಟಬ್ಬನ್ನು ಹೊರಗೆತ್ತಿ ಪುಲ್ಲಿ ಬಿಚ್ಚಿ ಸುತ್ತಲಿನ ಬೋಲ್ಟು ತೆಗೆದರೆ ಅದು ಎರಡು ಹೋಳಾಗುತ್ತದೆ. ಹಿಂದಿನ ಹೋಳಿನಲ್ಲಿ ಡ್ರಮ್ಮು ಶಾಫ್ಟಿನ ಸಮೇತ ಕೂತಿರುತ್ತದೆ. ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ.

ಬೇರಿಂಗು ಒಳ್ಳೆಯ ಸ್ಥಿತಿಯಲ್ಲಿದ್ದರೆ ಶಾಫ್ಟು ಎರಡೇಟಿಗೆ ಜಾರುತ್ತದೆ. ತುಕ್ಕು ಹಿಡಿದಿದ್ದರೆ ಮಿಸುಕುವುದಿಲ್ಲ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಹಳೆಯ ಮನೆಗಳ ಆರ್‌ಸಿಸಿ ಕಂಬದಲ್ಲಿ ಸರಳು ತುಕ್ಕಾಗಿ ಕಾಂಕ್ರೀಟನ್ನೇ ಸೀಳುವುದನ್ನು ನಾವೆಲ್ಲ ನೋಡಿದ್ದೇವೆ. ಕಾಂಕ್ರೀಟನ್ನು ಒಡೆಯಬಲ್ಲ ಆ ಹಿಗ್ಗು ಕೂದಲೆಳೆಯ ಸಂದಿಯಲ್ಲಿ ಸಿಕ್ಕಿಕೊಂಡರೆ ಶಾಫ್ಟು ಕಚ್ಚಿಕೊಳ್ಳದೆ ಇನ್ನೇನಾಗುತ್ತದೆ? ಇಲ್ಲಿ ತೋಳಿನ ಬಲಕ್ಕೆ ಮುಂಚೆ ಎಣ್ಣೆಗೆ ಅವಕಾಶ ಕೊಡಬೇಕು. ಡಬ್ಲ್ಯೂಡಿ-40 ಸಿಂಪಡಿಸಿ ಒಂದು ರಾತ್ರಿ ಬಿಡುವುದು ವಾಡಿಕೆ. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ರಾಕೆಟ್ಟಿನ ಮೈಗೆ ತುಕ್ಕು ಹಿಡಿಯದಂತೆ ಮಾಡಿದ ದ್ರವ. ನೀರನ್ನು ಓಡಿಸುವ ಸೂತ್ರ ನಲವತ್ತನೆಯ ಪ್ರಯತ್ನಕ್ಕೆ ಕೈಗೂಡಿತೆಂದು ಆ ಸಂಖ್ಯೆ. ರಾತ್ರಿಯಿಡೀ ಎಣ್ಣೆ ಕುಡಿದ ತುಕ್ಕು ಬೆಳಿಗ್ಗೆ ಅಷ್ಟು ಹಟ ಹಿಡಿಯುವುದಿಲ್ಲ.

ಆಮೇಲೂ ಸುತ್ತಿಗೆಯನ್ನು ಶಾಫ್ಟಿಗೆ ನೇರ ತಾಗಿಸಬಾರದು. ಪುಲ್ಲಿಯ ಬೋಲ್ಟನ್ನು ಮತ್ತೆ ಶಾಫ್ಟಿಗೆ ತಿರುಗಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಹೊಡೆಯಬೇಕು. ಇಲ್ಲದಿದ್ದರೆ ಶಾಫ್ಟಿನ ತುದಿ ಅರಳಿ ಒಳಗಿನ ತಿರುಪಿನ ಮರೆಗಳು ಕೆಡುತ್ತವೆ. ಟಬ್ಬನ್ನು ಅಂಚಿನಲ್ಲಿ ಮರದ ದಿಮ್ಮಿಗಳ ಮೇಲೆ ಕವುಚಿಟ್ಟು ಡ್ರಮ್ಮು ಕೆಳಗೆ ಇಳಿಯಲು ಜಾಗ ಬಿಡಬೇಕು. ನೇರವಾದ ಗಟ್ಟಿ ಏಟು ಬೇಕೇ ಹೊರತು ಓರೆಯಾದ ನೂರು ಏಟು ಬೇಡ. ಶಾಫ್ಟು ಅಲ್ಯೂಮಿನಿಯಂನ ಮೂರು ಕೈಗಳ ಚೌಕಟ್ಟಿಗೆ ಸೇರಿರುತ್ತದೆ. ಓರೆ ಏಟಿಗೆ ಆ ಕೈ ಬಿರುಕು ಬಿಡಬಹುದು.

ಶಾಫ್ಟು ಹೊರಬಂದ ಮೇಲೆ ಟಬ್ಬಿನ ಗುಂಬದಲ್ಲಿ ಎರಡು ಬೇರಿಂಗುಗಳು ಉಳಿಯುತ್ತವೆ, ಒಂದು ಒಳಮುಖಕ್ಕೆ, ಇನ್ನೊಂದು ಹೊರಮುಖಕ್ಕೆ. ನಡುವೆ ಲೋಹದ ಏಣು ಇರುವುದರಿಂದ ಪ್ರತಿಯೊಂದನ್ನೂ ಎದುರು ಬದಿಯಿಂದಲೇ ತಳ್ಳಿ ತೆಗೆಯಬೇಕು. ಉದ್ದನೆಯ ಪಂಚನ್ನು ಒಂದು ಬೇರಿಂಗಿನ ರಂಧ್ರದ ಮೂಲಕ ತೂರಿಸಿ ಇನ್ನೊಂದರ ಒಳಬಳೆಯ ಅಂಚಿಗೆ ಇಟ್ಟು ಹೊಡೆಯುವುದು. ಒಂದು ಏಟು ಹನ್ನೆರಡು ಗಂಟೆಯ ದಿಕ್ಕಿಗೆ, ಮುಂದಿನದು ಆರು ಗಂಟೆಗೆ, ಆಮೇಲೆ ಮೂರಕ್ಕೆ, ಒಂಬತ್ತಕ್ಕೆ. ಬಿಗಿಯಾದ ಡಬ್ಬದ ಮುಚ್ಚಳವನ್ನು ಚಮಚದ ಹಿಡಿಯಿಂದ ಸುತ್ತ ಸುತ್ತ ಎಬ್ಬಿಸುವ ಹಾಗೆ. ಒಂದೇ ಕಡೆ ಹೊಡೆದರೆ ಬೇರಿಂಗು ಓರೆಯಾಗಿ ಇನ್ನಷ್ಟು ಬಿಗಿಯುತ್ತದೆ. ಏಟಿನ ಸದ್ದನ್ನು ಕೇಳುತ್ತಿರಬೇಕು. ಅಲ್ಲಾಡದ ಬೇರಿಂಗು ಖಣ್ ಎಂದು ಗಡುಸಾಗಿ ಮೊಳಗುತ್ತದೆ, ಜಾರತೊಡಗಿದರೆ ದನಿ ಮೊಂಡಾಗುತ್ತದೆ. ಅನುಭವಿ ಮೆಕ್ಯಾನಿಕ್ಕುಗಳು ಆ ದನಿ ಕೇಳಿಯೇ, "ಬಂತು ಸಾರ್, ಬಂತು" ಎನ್ನುತ್ತಾರೆ.

ಕೆಲವೊಮ್ಮೆ ಎಲ್ಲರೂ ಹೆದರುವ ಘಟ್ಟ ಎದುರಾಗುತ್ತದೆ. ತುಕ್ಕು ತಿಂದ ಬೇರಿಂಗಿನ ಒಳಬಳೆ ಒಂದೇ ಏಟಿಗೆ ಕಳಚಿ, ಗುಂಡುಗಳು ನೆಲದ ತುಂಬ ಉರುಳಿ, ಹೊರಬಳೆ ಮಾತ್ರ ಗುಂಬದಲ್ಲಿ ಕಚ್ಚಿಕೊಂಡು ಉಳಿಯುತ್ತದೆ. ಪಂಚು ಇಡಲು ಅಂಚೇ ಸಿಗುವುದಿಲ್ಲ. ಕೆಲವು ಟಬ್ಬುಗಳಲ್ಲಿ ನಡುವಿನ ಏಣಿನಲ್ಲಿ ಕಚ್ಚು ಬಿಟ್ಟಿರುತ್ತಾರೆ, ಅಲ್ಲಿಂದ ಹೊರಬಳೆಯ ಬೆನ್ನಿಗೆ ಪಂಚು ತಾಗುತ್ತದೆ. ಹಾಗೆ ವಿನ್ಯಾಸ ಮಾಡಿದವರಿಗೆ ದುರಸ್ತಿಯವರೆಲ್ಲ ಕೈಮುಗಿಯಬೇಕು. ಕಚ್ಚು ಇಲ್ಲದಿದ್ದರೆ ಎರಡು ದಾರಿ. ಒಂದು, ಸಣ್ಣ ಗ್ರೈಂಡರಿನಿಂದ ಬಳೆಯನ್ನು ಒಳಗಿನಿಂದ ಅಡ್ಡಕ್ಕೆ ಕೊರೆದು, ಗುಂಬಕ್ಕೆ ತಾಗುವ ಮುಂಚೆ ನಿಲ್ಲಿಸಿ, ಉಳಿ ಇಟ್ಟು ಒಂದೇಟು ಕೊಡುವುದು. ಬೇರಿಂಗಿನ ಉಕ್ಕು ಬಹಳ ಗಡಸು, ಅದರಿಂದಲೇ ಪೆಡಸು. ಅದು ಬಾಗುವುದಿಲ್ಲ, ಬಿರಿಯುತ್ತದೆ. ಬಿರಿದ ಬಳೆಯ ಬಿಗಿ ಸಡಿಲುತ್ತದೆ. ಅದರ ಚೂರು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೂರಲೇಬಾರದು. ಇನ್ನೊಂದು ದಾರಿ ವೆಲ್ಡಿಂಗ್. ಬಳೆಯ ಒಳಮೈಗೆ ಒಂದು ಸಾಲು ವೆಲ್ಡ್ ಎಳೆದು ಆರಲು ಬಿಟ್ಟರೆ, ಕರಗಿದ ಲೋಹ ಆರುತ್ತ ಕುಗ್ಗಿ ಬಳೆಯನ್ನೂ ತನ್ನ ಜೊತೆ ಒಳಕ್ಕೆ ಸೆಳೆಯುತ್ತದೆ. ಅಷ್ಟು ಹೊತ್ತು ಸುತ್ತಿಗೆಗೆ ಜಗ್ಗದ ಬಳೆ ತಾನಾಗಿ ಸಡಿಲುತ್ತದೆ. ಟಬ್ಬು ಪ್ಲಾಸ್ಟಿಕ್ಕಿನದಾದ್ದರಿಂದ ಸುತ್ತ ಒದ್ದೆ ಬಟ್ಟೆ ಹೊದಿಸಿ, ನುರಿತ ಕೈಯಿಂದಲೇ ಇದನ್ನು ಮಾಡಿಸಬೇಕು. ಬಿಸಿಯಿಂದ ಹಿಗ್ಗು, ತಂಪಿನಿಂದ ಕುಗ್ಗು. ನಮ್ಮ ಕಮ್ಮಾರರು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವಾಗ ನಂಬಿದ್ದೂ ಇದನ್ನೇ. ಬೆರಣಿಯ ಬೆಂಕಿಯಲ್ಲಿ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಇಕ್ಕುಳದಲ್ಲಿ ಹಿಡಿದು ಮರದ ಚಕ್ರದ ಮೇಲೆ ಕೂರಿಸಿ, ತಕ್ಷಣ ನೀರು ಹುಯ್ಯುತ್ತಿದ್ದರು. ಆರಿದ ಪಟ್ಟಿ ಚಕ್ರದ ಕೀಲುಗಳನ್ನೆಲ್ಲ ಅದುಮಿ ಬಿಗಿಯುತ್ತಿತ್ತು.

ಹೊಸ ಬೇರಿಂಗು ಹಾಕುವಾಗಲೂ ಆ ಕಮ್ಮಾರನ ವಿದ್ಯೆಯೇ ಕೆಲಸಕ್ಕೆ ಬರುತ್ತದೆ. ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಗುಂಬವನ್ನು ಬಿಸಿನೀರಿನ ಬಟ್ಟೆಯಿಂದಲೋ ಕೂದಲು ಒಣಗಿಸುವ ಡ್ರೈಯರಿನಿಂದಲೋ ಬೆಚ್ಚಗೆ ಮಾಡಿದರೆ ಅದು ಅಷ್ಟೇ ಹಿಗ್ಗುತ್ತದೆ. ಗುಂಬ ಅಲ್ಯೂಮಿನಿಯಂನದಾದರೆ ಇನ್ನೂ ಅನುಕೂಲ, ಒಂದೇ ಬಿಸಿಗೆ ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮಿಲಿಮೀಟರಿನ ನೂರರಲ್ಲಿ ಮೂರು ನಾಲ್ಕು ಪಾಲಿನ ಆ ಸಡಿಲವೇ ಸಾಕು. ತೆಗೆಯುವಾಗ ಒಳಬಳೆಗೆ ಹೊಡೆದೆವು, ಯಾಕೆಂದರೆ ಅದು ಎಸೆಯುವ ಬೇರಿಂಗು. ಹಾಕುವಾಗ ಒತ್ತಡ ಹೊರಬಳೆಗೇ ಬೀಳಬೇಕು. ಒಳಬಳೆಗೆ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕ ದಾಟಿ, ನುಣುಪಾದ ಹಾದಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದು, ಹೊಸ ಬೇರಿಂಗು ಮೊದಲ ದಿನವೇ ಗರಗರ ಎನ್ನುತ್ತದೆ. ಹಳೆಯ ಹೊರಬಳೆಯನ್ನು ಇಟ್ಟುಕೊಂಡಿದ್ದರೆ ಅದನ್ನೇ ಮೇಲಿಟ್ಟು ತಟ್ಟಬಹುದು. ಮರೆಯಿರುವ ಉದ್ದ ಸರಳಿಗೆ ಎರಡೂ ತುದಿಯಲ್ಲಿ ವಾಷರು, ನಟ್ಟು ಹಾಕಿ ಬಿಗಿಯುತ್ತ ಎಳೆಯುವುದು ಇನ್ನೂ ಒಳ್ಳೆಯದು, ಸುತ್ತಿಗೆಯ ಹಂಗೇ ಇರುವುದಿಲ್ಲ. ಕೊನೆಗೆ ಸೀಲು, ಅದರ ತುಟಿಗೆ ನೀರಿಗೆ ಜಗ್ಗದ ಗ್ರೀಸು.

ಎಲ್ಲ ಬಿಚ್ಚಿಟ್ಟಿರುವಾಗ ಡ್ರಮ್ಮಿನ ಬೆನ್ನಿನ ಮೂರು ಕೈಗಳನ್ನೂ ಒರೆಸಿ ನೋಡಬೇಕು. ಸೋಡಾ ಹಾಕಿ ಉಜ್ಜಿದ ಅಲ್ಯೂಮಿನಿಯಂ ಪಾತ್ರೆ ಕಪ್ಪಾಗುವುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಬಟ್ಟೆ ಪೌಡರಿನ ಕ್ಷಾರ ಈ ಕೈಗಳನ್ನೂ ಹಾಗೆಯೇ ತಿನ್ನುತ್ತದೆ, ಪಕ್ಕದಲ್ಲಿ ಸ್ಟೇನ್‌ಲೆಸ್ ಉಕ್ಕು ಇರುವುದರಿಂದ ಇನ್ನೂ ಬೇಗ. ಗುಳಿ ಆಳವಾಗಿದ್ದರೆ, ಶಾಫ್ಟಿನ ಮೇಲೆ ಬೇರಿಂಗು ಕೂರುವ ಜಾಗ ಗೀರಿದ್ದರೆ ಆ ಚೌಕಟ್ಟನ್ನೂ ಬದಲಿಸುವುದು ಕ್ಷೇಮ.

ನಾನು ಇಷ್ಟೆಲ್ಲ ಹೇಳಿದ್ದು ಟಬ್ಬು ಬೋಲ್ಟಿನಿಂದ ಕೂಡಿಸಿದ್ದಾಗಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಇತ್ತೀಚಿನ ಅನೇಕ ಯಂತ್ರಗಳಲ್ಲಿ ಎರಡು ಹೋಳುಗಳನ್ನು ಕಾರ್ಖಾನೆಯಲ್ಲೇ ಕರಗಿಸಿ ಅಂಟಿಸಿರುತ್ತಾರೆ. ಬೇರಿಂಗು ಒಳಗೇ ಇರುತ್ತದೆ, ಕೈಗೆ ಸಿಗುವುದಿಲ್ಲ. ಬೇರಿಂಗು ಹೋದರೆ ಇಡೀ ಟಬ್ಬನ್ನೇ ಕೊಳ್ಳಿ ಎನ್ನುತ್ತಾರೆ, ಅದರ ಬೆಲೆ ಕೇಳಿದ ಗ್ರಾಹಕ ಹೊಸ ಯಂತ್ರದ ಅಂಗಡಿಗೆ ಹೋಗುತ್ತಾನೆ. ಹಟವಾದಿ ಮೆಕ್ಯಾನಿಕ್ಕುಗಳು ಅಂಟಿನ ಗೆರೆಯ ಉದ್ದಕ್ಕೂ ಗರಗಸ ಆಡಿಸಿ, ಬೇರಿಂಗು ಬದಲಿಸಿ, ಸಿಲಿಕೋನ್ ಬಳಿದು ಬೋಲ್ಟು ಹಾಕಿ ಮತ್ತೆ ಕೂಡಿಸುತ್ತಾರೆ. ಅವರ ಜಾಣ್ಮೆ ದೊಡ್ಡದು, ಆದರೆ ಅವರನ್ನು ಆ ಕಷ್ಟಕ್ಕೆ ತಳ್ಳಿದ ವಿನ್ಯಾಸ ಸರಿಯಲ್ಲ. ಯುರೋಪಿನ ಒಕ್ಕೂಟ 2021ರ ಮಾರ್ಚ್ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ 10 ವರ್ಷ ಅದರ ಬಿಡಿಭಾಗಗಳು ದುರಸ್ತಿಯವರಿಗೆ ಸಿಗಬೇಕು. ಪಟ್ಟಿಯಲ್ಲಿ ಡ್ರಮ್ಮಿನ ಬೇರಿಂಗೂ ಇದೆ. ಆದರೆ ಬಿಡಿಯಾಗಿಯೇ ಕೊಡಬೇಕೆಂದಿಲ್ಲ, ಡ್ರಮ್ಮಿನೊಡನೆ ಸೇರಿಸಿ ಕೊಟ್ಟರೂ ನಡೆಯುತ್ತದೆ. ಆ ಸಣ್ಣ ಸಡಿಲದಲ್ಲೇ ನಿಯಮದ ಅರ್ಧ ಬಲ ಸೋರಿಹೋಗುತ್ತದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಮಾಹಿತಿ ಕೊಡುವುದು ಒಳ್ಳೆಯ ಆರಂಭ. ಬಿಚ್ಚಲು ಬರುವ ಹಾಗೆ ಮಾಡಿ ಎಂದು ತಯಾರಕರಿಗೆ ಹೇಳುವುದು ಅದರ ಮುಂದಿನ ಹೆಜ್ಜೆಯಾಗಬೇಕು.

ಆ ಹೆಜ್ಜೆಗೆ ಸರ್ಕಾರದ ದಾರಿಯನ್ನೇ ಕಾಯಬೇಕಿಲ್ಲ. ಅಂಗಡಿಯಲ್ಲಿ ನಾವು ಎಷ್ಟು ಕಿಲೋ, ಎಷ್ಟು ಸ್ಟಾರು, ಎಷ್ಟು ರಿಯಾಯಿತಿ ಎಂದು ಕೇಳುತ್ತೇವೆ. ಅದರ ಜೊತೆಗೆ, "ಟಬ್ಬು ಬೋಲ್ಟಿನದಾ, ಅಂಟಿಸಿದ್ದಾ? ಬೇರಿಂಗು ಬಿಡಿಯಾಗಿ ಸಿಗುತ್ತಾ?" ಎಂದೂ ಕೇಳಿ. ಮಾರುವ ಹುಡುಗನಿಗೆ ಗೊತ್ತಿಲ್ಲದಿದ್ದರೆ ವಿಚಾರಿಸಿ ಹೇಳಲಿ, ನಿಲ್ಲಿ. ದಿನಕ್ಕೆ ಹತ್ತು ಜನ ಹೀಗೆ ಕೇಳಿದರೆ ಆ ಪ್ರಶ್ನೆ ಅಂಗಡಿಯಿಂದ ಡೀಲರಿಗೆ, ಡೀಲರಿನಿಂದ ಕಾರ್ಖಾನೆಗೆ ಹೋಗಿಯೇ ಹೋಗುತ್ತದೆ. ಟಬ್ಬು ಬೋಲ್ಟಿನದು, ಬೇರಿಂಗು ಬಿಡಿಯಾಗಿ ಸಿಗುತ್ತದೆ ಎಂಬ ಉತ್ತರ ಬಂದರೆ ಒಂದೆರಡು ಸಾವಿರ ಹೆಚ್ಚಾದರೂ ಆ ಯಂತ್ರವನ್ನೇ ಮನೆಗೆ ತನ್ನಿ.